ಎರೆಮಣ್ಣಿನ ಹಿತ್ತಲಲ್ಲಿ ಮಕ್ಕಳಿಗೊಂದು ಬಳ್ಳಿಮನೆ

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ಮನೆಯ ಹಿಂದೆ ಸುಮಾರು 15 ಅಡಿ ಅಗಲ, 20 ಅಡಿ ಉದ್ದದ ಹಿತ್ತಲಿದೆ, ಎರೆಮಣ್ಣು. 6 ಮತ್ತು 9 ವರ್ಷದ ಇಬ್ಬರು ಮಕ್ಕಳು ಬಳ್ಳಿಗಳಿಂದಲೇ ಮುಚ್ಚಿದ ಆಟದ ಗುಡಿಸಲು ಬೇಕೆಂದು ಹಠ ಹಿಡಿದಿದ್ದಾರೆ. ಕಳೆದ ವರ್ಷ ನಾಲ್ಕು ಕಂಬ ನೆಟ್ಟು, ಮೇಲೆ ನೈಲಾನ್ ಬಲೆ ಕಟ್ಟಿ ಸೋರೆ ಹಬ್ಬಿಸಿದ್ದೆವು. ಶ್ರಾವಣದ ಮಳೆಗಾಳಿಗೆ ಇಡೀ ಚಪ್ಪರ ಒಂದು ಕಡೆ ವಾಲಿ ಬಿತ್ತು. ಪುಣ್ಯಕ್ಕೆ ಒಳಗೆ ಮಕ್ಕಳಿರಲಿಲ್ಲ. ಈ ಸಲ ಭದ್ರವಾಗಿ ಹೇಗೆ ಕಟ್ಟುವುದು? ಯಾವ ಬಳ್ಳಿ ಹಾಕಬೇಕು, ಯಾವಾಗ ಹಾಕಬೇಕು?

ಉತ್ತರ: ನಿಮ್ಮ ಚಪ್ಪರ ಬಿದ್ದದ್ದಕ್ಕೆ ಕಾರಣ ಮೂರು, ಮೂರೂ ಒಟ್ಟಿಗೇ ಕೂಡಿಬಂದಿವೆ. ಮಟ್ಟಸವಾದ ಮಾಡಿನ ಮೇಲೆ ಸೋರೆಯ ಅಗಲ ಎಲೆಗಳು ಮಳೆನೀರು ಹಿಡಿದು ಕೂರುತ್ತವೆ. ಅದರ ಮೇಲೆ ಎರಡು ಮೂರು ಕಿಲೋ ತೂಗುವ ಕಾಯಿಗಳು. ಇಷ್ಟು ಭಾರ ಹೊತ್ತ ಕಂಬಗಳು ನಿಂತದ್ದು ಎರೆಮಣ್ಣಿನಲ್ಲಿ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಕಂಬದ ಸುತ್ತ ಸಂದು ಬಿಡುತ್ತದೆ. ಮಳೆ ಹಿಡಿದ ಮೇಲೆ ಉಬ್ಬಿ ಮೆತ್ತಗಾಗುತ್ತದೆ. ಆ ಹೊತ್ತಿಗೆ ಪಶ್ಚಿಮದ ಗಾಳಿ ಬೀಸಿದರೆ ಕಂಬ ಮುರಿಯುವುದಿಲ್ಲ, ಬುಡದಿಂದಲೇ ಮಗುಚುತ್ತದೆ. ಆದ್ದರಿಂದ ದಪ್ಪ ಕಂಬ ತಂದರೆ ಸಮಸ್ಯೆ ತೀರುವುದಿಲ್ಲ. ಆಕಾರ, ಬುಡ, ಬಳ್ಳಿ ಮೂರನ್ನೂ ಬದಲಿಸಬೇಕು.

ನಮ್ಮ ಸಲಹೆ ಶಂಕುವಿನಾಕಾರದ ಗುಡಿಸಲು: ನೆಲದಲ್ಲಿ ವೃತ್ತವಾಗಿ ನಿಂತ ಗಳಗಳು ಮೇಲೆ ಒಂದೇ ಕಡೆ ಕೂಡಬೇಕು. ಗಾಳಿಗೆ ಎದುರಾಗಿ ನಿಲ್ಲುವ ಗೋಡೆಯೇ ಇದರಲ್ಲಿಲ್ಲ, ನೀರು ನಿಲ್ಲುವ ಮಾಡೂ ಇಲ್ಲ. ಎಂಟು ಗಳಗಳಲ್ಲಿ ಒಂದು ಸಡಿಲಾದರೂ ಉಳಿದ ಏಳು ಹಿಡಿದಿರುತ್ತವೆ. ಗದಗದ ಕಡೆಯ ಓದುಗರಿಗಂತೂ ಬೇರೆ ಆಕಾರ ನಾವು ಹೇಳುವುದೇ ಇಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಆ ಗಾಳಿಯನ್ನು ನಂಬಿಯೇ.

ಇಬ್ಬರು ಮೂವರು ಮಕ್ಕಳಿಗೆ 6 ಅಡಿ ವ್ಯಾಸ ಸಾಕು. ಬೇಕಾಗುವ ಸಾಮಾನು ಇಷ್ಟು: 9 ಅಡಿ ಉದ್ದದ, ಬುಡದಲ್ಲಿ ಒಂದೂಕಾಲರಿಂದ ಒಂದೂವರೆ ಇಂಚು ದಪ್ಪದ 8 ಬಿದಿರು ಗಳ. 12 ಎಂಎಂ ಕಬ್ಬಿಣದ ಸರಳು, 4 ಅಡಿಯ 8 ತುಂಡು. ಅಂಗೈ ಅಗಲದ 8 ಚಪ್ಪಟೆ ಕಲ್ಲು. 6 ಎಂಎಂ ನೈಲಾನ್ ಹಗ್ಗ 5 ಮೀಟರ್. ಸೆಣಬಿನ ಅಥವಾ ತೆಂಗಿನ ನಾರಿನ ಹುರಿ ಸುಮಾರು 60 ಮೀಟರ್. ಪುಂಡಿ ನಾರಿನ ಹುರಿ ಸಿಕ್ಕರೆ ಇನ್ನೂ ಒಳ್ಳೆಯದು. ಎರಡು ಅಗಲ ಬಿದಿರು ದಬ್ಬೆ, ಸ್ವಲ್ಪ 14 ಗೇಜ್ ತಂತಿ, ಒಂದೆರಡು ಮೀಟರ್ ಹಳೆಯ ನೀರಿನ ಪೈಪು.

ಬಿದಿರಿನ ಆಯ್ಕೆಯಲ್ಲಿ ಆತುರ ಬೇಡ. ಹಳಿಯಾಳ, ದಾಂಡೇಲಿ ಕಡೆಯಿಂದ ಬರುವ ಗಟ್ಟಿ ಬಿದಿರು, ಅಂದರೆ ಒಳಗೆ ಪೊಳ್ಳು ಕಡಿಮೆ ಇರುವುದು, ಇದಕ್ಕೆ ಸರಿ. ಮೇದಾರರ ಹತ್ತಿರ ಕೇಳಿದರೆ ಬಲಿತದ್ದು, ಎಳೆಯದು ಅವರೇ ಆರಿಸಿ ಕೊಡುತ್ತಾರೆ. ಮೂರು ವರ್ಷ ಬಲಿತು ಚಳಿಗಾಲದಲ್ಲಿ ಕಡಿದ ಬಿದಿರಿನಲ್ಲಿ ಪಿಷ್ಟ ಕಡಿಮೆ, ಕುಟ್ಟೆ ಹುಳ ಹಿಡಿಯುವುದೂ ಕಡಿಮೆ. ಎಳೆ ಬಿದಿರು ತಂದರೆ ಎರಡೇ ತಿಂಗಳಲ್ಲಿ ಸಣ್ಣ ಸಣ್ಣ ತೂತು ಬಿದ್ದು, ಒಳಗೆ ಕೂತ ಮಕ್ಕಳ ತಲೆಯ ಮೇಲೆ ಹಿಟ್ಟಿನಂಥ ಪುಡಿ ಉದುರುತ್ತದೆ. ಅನುಮಾನವಿದ್ದರೆ ಮೂರು ನಾಲ್ಕು ವಾರ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿ ಬಳಸಿ. ಗಳದ ತೆರೆದ ತುದಿಗಳನ್ನು ಹಸಿ ಜೇಡಿಮಣ್ಣಿನಿಂದ ಮುಚ್ಚಿ, ಇಲ್ಲದಿದ್ದರೆ ಕಣಜ ಬಂದು ಗೂಡು ಕಟ್ಟುತ್ತದೆ. ಗಂಟುಗಳ ಮೇಲಿನ ಮುಳ್ಳು, ಸಿಬಿರುಗಳನ್ನು ಕತ್ತಿಯಿಂದ ಹೆರೆದು ಮರಳು ಕಾಗದದಲ್ಲಿ ಉಜ್ಜಿ. ಗೆದ್ದಲು ಬರಬಾರದೆಂದು ಗಾಡಿಯ ಹಳೆಯ ಎಂಜಿನ್ ಎಣ್ಣೆ ಬಳಿಯುವ ರೂಢಿ ಬಹಳ ಕಡೆ ಇದೆ. ಮಕ್ಕಳು ಮುಟ್ಟುವ, ತಿನ್ನುವ ಕಾಯಿ ಬಿಡುವ ಜಾಗದಲ್ಲಿ ಅದನ್ನು ಖಂಡಿತ ಬಳಿಯಬೇಡಿ.

ಗೆದ್ದಲಿಗೆ ನಮ್ಮ ಉಪಾಯ ಬೇರೆ: ಬಿದಿರನ್ನು ಮಣ್ಣಿನೊಳಗೆ ಹೂಳುವುದೇ ಬೇಡ. ಮಕ್ಕಳ ಕೈಗೆ 3 ಅಡಿ ಹುರಿ, ಎರಡು ಗೂಟ ಕೊಡಿ. ನಡುವೆ ಒಂದು ಗೂಟ ಹೊಡೆದು, ಹುರಿ ಎಳೆದು ಹಿಡಿದು ರಂಗೋಲಿ ಪುಡಿಯಲ್ಲಿ ವೃತ್ತ ಎಳೆಯಲಿ. 9 ವರ್ಷದವರಿಗೆ ತ್ರಿಜ್ಯ, ಪರಿಧಿ ಪುಸ್ತಕದಿಂದ ಹಿತ್ತಲಿಗೆ ಇಳಿದು ಬರುವ ಕ್ಷಣ ಇದು, ನೀವೇ ಎಳೆದು ಕೊಡಬೇಡಿ. ವೃತ್ತದ ಸುತ್ತಳತೆ 19 ಅಡಿಗೆ ಸ್ವಲ್ಪ ಕಡಿಮೆ ಬರುತ್ತದೆ. ಪೂರ್ವಕ್ಕೆ 4 ಅಡಿ ಬಾಗಿಲಿಗೆ ಬಿಟ್ಟು, ಉಳಿದದ್ದರಲ್ಲಿ 25 ಇಂಚಿಗೊಂದರಂತೆ ಗಳದ ಜಾಗ ಗುರುತಿಸಿ. ನಾಲ್ಕಡಿ ಬಾಗಿಲು ಹೆಚ್ಚಾಯಿತು ಅನಿಸಬಹುದು. ಗಳಗಳು ಮೇಲೆ ಹೋದಂತೆ ಕೂಡಿಕೊಳ್ಳುವುದರಿಂದ ಮಗುವಿನ ಭುಜದೆತ್ತರದಲ್ಲಿ ಅದು ಎರಡೇ ಅಡಿಯಾಗುತ್ತದೆ. ಬಾಗಿಲು ಪೂರ್ವಕ್ಕೇ ಇರಲಿ. ಮುಂಗಾರಿನ ಎರಚಲು ಪಶ್ಚಿಮ, ನೈಋತ್ಯದಿಂದ ಬರುತ್ತದೆ, ಸಂಜೆಯ ಬಿಸಿಲೂ ಅತ್ತಲಿಂದಲೇ. ಅಡುಗೆಮನೆಯ ಕಿಟಕಿಯಿಂದ ಬಾಗಿಲು ಕಾಣುವಂತಿದ್ದರೆ ಇನ್ನೂ ಒಳ್ಳೆಯದು. ಹಾಗೆ ಕಾಣಲು ಬಾಗಿಲನ್ನು ಈಶಾನ್ಯಕ್ಕೋ ಉತ್ತರಕ್ಕೋ ತಿರುಗಿಸಬೇಕಾದರೆ ತಿರುಗಿಸಿ, ಪಶ್ಚಿಮ ಮಾತ್ರ ಬೇಡ.

ಗುರುತು ಹಾಕಿದಲ್ಲಿ ಸರಳುಗಳನ್ನು ವೃತ್ತದ ಒಳಮುಖಕ್ಕೆ ಓರೆಯಾಗಿ ಹೊಡೆಯಿರಿ. ಇದು ದೊಡ್ಡವರ ಕೆಲಸ. ಕೆಂಪು ಮಸಾರಿ ಮಣ್ಣಾದರೆ ಎರಡಡಿ ಒಳಗೆ ಹೋದರೆ ಸಾಕು, ಎರೆಮಣ್ಣಿನಲ್ಲಿ ಎರಡೂವರೆ ಅಡಿಯಾದರೂ ಹೋಗಬೇಕು. ಬಿರಿಯುವ ಮೇಲ್ಪದರ ದಾಟಿ ಕೆಳಗಿನ ಹಸಿ ಮಣ್ಣನ್ನು ಅದು ಹಿಡಿಯಬೇಕು. ಸರಳಿನ ಸುತ್ತ ಒಂದಡಿ ಆಳಕ್ಕೆ, ಅಂಗೈ ಅಗಲಕ್ಕೆ ಎರೆಮಣ್ಣು ತೆಗೆದು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿ, ನೀರು ಹಾಕಿ ಹಾರೆಯಿಂದ ಬಡಿಯಿರಿ. ಗರಸು ಉಬ್ಬುವುದೂ ಇಲ್ಲ, ಬಿರಿಯುವುದೂ ಇಲ್ಲ. ಈ ಒಂದು ಕೆಲಸ ಮಾಡಿದ್ದರೆ ನಿಮ್ಮ ಹಳೆಯ ಚಪ್ಪರವೂ ಇನ್ನಷ್ಟು ದಿನ ನಿಲ್ಲುತ್ತಿತ್ತು. ಈಗ ಸರಳಿನ ಪಕ್ಕ ಚಪ್ಪಟೆ ಕಲ್ಲಿಟ್ಟು, ಅದರ ಮೇಲೆ ಗಳ ನಿಲ್ಲಿಸಿ, ಸರಳು ಗಳದ ಹೊರಮೈಗೆ ಬರುವಂತೆ ಎರಡು ಕಡೆ ತಂತಿ ಬಿಗಿಯಿರಿ. ತಂತಿಯ ತುದಿಯನ್ನು ಮಡಚಿ ಒಳಗೆ ಒತ್ತಿ. ಸರಳಿನ ತಲೆಗೆ ಹಳೆಯ ಪೈಪಿನ ತುಂಡು ತೊಡಿಸಿ ಬಟ್ಟೆ ಸುತ್ತಿ. ಓಡುವ ಮಗು ಬಿದ್ದಾಗ ಮೊದಲು ತಗಲುವುದು ಆ ತುದಿಯೇ.

ಮೇಲಿನ ಕಟ್ಟು: ಗಳದ ತುದಿಯಿಂದ ಒಂದಡಿ ಕೆಳಗೆ ಎಂಟನ್ನೂ ಕೂಡಿಸಿ ನೈಲಾನ್ ಹಗ್ಗ ಆರೇಳು ಸುತ್ತು ಸುತ್ತಿ, ಆಮೇಲೆ ಗಳಗಳ ಸಂದಿನಲ್ಲಿ ಅಡ್ಡ ಸುತ್ತಿ ಬಿಗಿಯಿರಿ. ಅಡ್ಡ ಸುತ್ತು ಬಿಟ್ಟರೆ ಮಳೆಗೆ ಬಿದಿರು ಕುಗ್ಗಿ ಹಿಗ್ಗಿ ಕಟ್ಟು ಜಾರುತ್ತದೆ. ಕಟ್ಟಿನ ಎತ್ತರ ನೆಲದಿಂದ ಏಳಡಿ ಚಿಲ್ಲರೆ ಬರುತ್ತದೆ. ಅಲ್ಲಿಂದ ಕೆಳಗೆ ಹುರಿಯ ಸುತ್ತುಗಳು: ಮೊದಲನೆಯದು ನೆಲದಿಂದ ಒಂದೂವರೆ ಅಡಿಗೆ, ನಂತರ ಅಡಿಗೊಂದರಂತೆ ಒಟ್ಟು ಐದು. ಕೆಳಗಿನ ಮೂರು ಬಾಗಿಲ ಗಳಗಳಲ್ಲಿ ನಿಲ್ಲಲಿ, ನಾಲ್ಕನೆಯದು ಬಾಗಿಲ ಮೇಲಿಂದ ಹಾಯಲಿ. ಮೊದಲ ಮತ್ತು ನಾಲ್ಕನೆಯ ಸುತ್ತಿಗೆ ಹುರಿಯ ಜೊತೆ ಬಿದಿರು ದಬ್ಬೆಯನ್ನೂ ಬಾಗಿಸಿ ಕಟ್ಟಿದರೆ ಇಡೀ ಗುಡಿಸಲು ಸೆಟೆದು ನಿಲ್ಲುತ್ತದೆ. ಪ್ರತಿ ಸಂದಿನ ನಡುವೆ ಮೇಲಿಂದ ಕೆಳಗೆ ಒಂದೊಂದು ಹುರಿ ಎಳೆಯಿರಿ. ಎಲ್ಲಿಯೂ ಸಡಿಲ ಕುಣಿಕೆ, ಜೋಲುವ ತುದಿ ಇರಕೂಡದು. ಕೊರಳಿಗೆ ಸಿಕ್ಕುವ ಅಪಾಯ ನಿಜವಾದದ್ದು. ಕೆಲಸ ಮುಗಿದ ಮೇಲೆ ಮಗುವಿನೆತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಸುತ್ತಲೂ ಒಮ್ಮೆ ಕೈಯಾಡಿಸಿ ನೋಡಿ. ನೈಲಾನ್ ಬಲೆ ಈ ಸಲ ಬೇಡ. ಓತಿ, ಹಕ್ಕಿ, ಕೆಲವೊಮ್ಮೆ ಹಾವೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಪಂಚಮಿಗೆ ಜೋಕಾಲಿಯನ್ನು ಈ ಗುಡಿಸಲಿಗೆ ಕಟ್ಟಬಾರದೆಂದು ಮಕ್ಕಳಿಗೆ ಮೊದಲೇ ಹೇಳಿ. ಜೋಕಾಲಿಗೆ ಮರದ ಕೊಂಬೆಯೇ ಆಗಬೇಕು. ಅಡ್ಡ ಹುರಿಗಳ ಮೇಲೆ ಹತ್ತುವುದೂ ಕೂಡದು.

ಹುರಿ ಯಾಕೆ, ಗಳ ಸಾಲದೇ ಎಂದು ಕೇಳಬಹುದು. ಬಳ್ಳಿಗಳು ಏರುವ ರೀತಿ ಎರಡು. ಅವರೆ, ಬಸಳೆ, ಶಂಖಪುಷ್ಪ ಕಾಂಡದಿಂದಲೇ ಸುತ್ತಿ ಏರುತ್ತವೆ, ಅವಕ್ಕೆ ಗಳ ಸಾಕು. ಹೀರೆ, ಹಾಗಲ, ಪಡವಲ ಎಲೆಯ ಬುಡದಿಂದ ಹೊರಡುವ ದಾರದಂಥ ಕುಡಿಬಳ್ಳಿಯಿಂದ ಹಿಡಿದು ಏರುತ್ತವೆ. ಒಂದೂವರೆ ಇಂಚಿನ ನುಣ್ಣನೆ ಬಿದಿರು ಅದರ ಹಿಡಿತಕ್ಕೆ ಸಿಗುವುದಿಲ್ಲ, ಕಿರುಬೆರಳಿಗಿಂತ ಸಣ್ಣದೇನಾದರೂ ಬೇಕು. ಬರೀ ಗಳಗಳಿಗೆ ಹೀರೆ ಬಿಟ್ಟವರ ಬಳ್ಳಿ ಎರಡಡಿ ಏರಿ ಜಾರಿ ಬೀಳುವುದು ಇದರಿಂದಲೇ. ತಂತಿಯ ಬದಲು ನಾರಿನ ಹುರಿ ಹೇಳಿದ್ದೂ ಬಳ್ಳಿಗಾಗಿ. ಬಿಸಿಲಿಗೆ ಕಾದ ತಂತಿಯ ಮೇಲೆ ಎಳೆ ಕುಡಿ ಕಮರುತ್ತದೆ. ಹೀರೆಯ ಕುಡಿಬಳ್ಳಿಯೊಂದು ಹುರಿಯನ್ನು ಹಿಡಿದ ಮರುದಿನ ಮಕ್ಕಳನ್ನು ಹತ್ತಿರ ಕರೆದು ತೋರಿಸಿ. ತುದಿ ಹುರಿಗೆ ಸುತ್ತಿಕೊಂಡಿರುತ್ತದೆ. ನಡುವಿನ ಭಾಗ ಸುರುಳಿಯಾಗತೊಡಗಿ, ಸ್ವಲ್ಪ ದೂರ ಒಂದು ದಿಕ್ಕಿಗೆ ಸುತ್ತಿ, ನಡುವೆ ಚಿಕ್ಕದೊಂದು ನೇರ ತುಂಡು ಬಿಟ್ಟು, ಆಮೇಲೆ ವಿರುದ್ಧ ದಿಕ್ಕಿಗೆ ಸುತ್ತಿರುತ್ತದೆ. ಎರಡೂ ತುದಿ ಕಟ್ಟಿಹಾಕಿದ ದಾರ ಒಂದೇ ದಿಕ್ಕಿಗೆ ಸುರುಳಿಯಾಗಲಾರದು, ಅದಕ್ಕೆ ಹೀಗೆ. ಗಾಳಿ ಎಳೆದಾಗ ಅದು ಸ್ಪ್ರಿಂಗಿನಂತೆ ಹಿಗ್ಗಿ ಮತ್ತೆ ಕುಗ್ಗುತ್ತದೆ, ಹರಿಯುವುದಿಲ್ಲ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕಣ್ಣಿಗೇ ಕಾಣುತ್ತದೆ.

ಈಗ ಬಳ್ಳಿಯ ಬುಡ. ಮಕ್ಕಳ ಗುಡಿಸಲು ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಗಳದ ಬುಡಕ್ಕೋ, ಒಳಮಗ್ಗುಲಿಗೋ ಬೀಜ ಹಾಕುತ್ತಾರೆ. ಮಕ್ಕಳು ತುಳಿದು ತುಳಿದು ಮಣ್ಣು ಗಟ್ಟಿಯಾಗುತ್ತದೆ, ಮೇಲೆ ಎಲೆ ಮುಚ್ಚಿದ ಮೇಲೆ ಅಲ್ಲಿಗೆ ಮಳೆಯೂ ಬೀಳುವುದಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಬಳ್ಳಿ ಹಳದಿ ಹೊಡೆದು ನಿಲ್ಲುತ್ತದೆ. ಆಗ ಗೊಬ್ಬರ ಸುರಿದರೂ ಉಪಯೋಗವಿಲ್ಲ. ಗುಂಡಿಯ ನಡು ಗಳದ ಬುಡದಿಂದ ಒಂದಡಿ ಹೊರಗಿರಲಿ. ಬಳ್ಳಿಯನ್ನು ಓರೆ ಹುರಿಯಿಂದ ಗಳಕ್ಕೆ ತಂದು ಹಚ್ಚಿ. ಒಂದೊಂದು ಗುಂಡಿ ಒಂದಡಿ ಅಗಲ, ಒಂದೂಕಾಲು ಅಡಿ ಆಳ. ತೆಗೆದ ಎರೆಮಣ್ಣಿನ ಮೂರನೇ ಒಂದು ಭಾಗ, ಅಷ್ಟೇ ಗರಸು ಅಥವಾ ಮರಳು, ಅಷ್ಟೇ ಪೂರ್ತಿ ಕಳಿತ ತಿಪ್ಪೆಗೊಬ್ಬರ, ಮೇಲೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳ, ಗೆದ್ದಲು ಎರಡನ್ನೂ ಕರೆದಂತೆ. ತುಂಬಿದ ಮಣ್ಣು ಸುತ್ತಲಿನ ನೆಲಕ್ಕಿಂತ ನಾಲ್ಕೈದು ಇಂಚು ಎತ್ತರ ನಿಲ್ಲಬೇಕು. ಎರೆಮಣ್ಣಿನಲ್ಲಿ ತಗ್ಗು ಗುಂಡಿ ಎಂದರೆ ಮಳೆಗಾಲದ ಬಾವಿ, ಬೇರು ಕೊಳೆತು ಬಳ್ಳಿ ಒಂದೇ ದಿನದಲ್ಲಿ ಬಾಡುತ್ತದೆ. ಹೊಸ ಬಡಾವಣೆಗಳಲ್ಲಿ ಹಿತ್ತಲೆಂದರೆ ಎಷ್ಟೋ ಸಲ ಮನೆ ಕಟ್ಟಿದಾಗ ಉಳಿದ ಇಟ್ಟಿಗೆ, ಸಿಮೆಂಟು, ಸುಣ್ಣದ ರಾಶಿ. ಅಂಥದ್ದು ಕಂಡರೆ ಗುಂಡಿಯ ಮಣ್ಣನ್ನು ಪೂರ್ತಿ ಬದಲಿಸಿ.

ಬಳ್ಳಿಗಳ ಆಯ್ಕೆಯಲ್ಲಿ ನೋಡಬೇಕಾದದ್ದು ಕಾಲ. ಹೀರೆ ಬೇಗ ಬೆಳೆದು ಬೇಗ ಮುಗಿಯುವ ಬಳ್ಳಿ: ಜೂನ್ ಮೊದಲ ವಾರ ಹಾಕಿದರೆ ಜುಲೈ ನಡುವಿಗೆ ಹೂ, ಶ್ರಾವಣಕ್ಕೆ ಕಾಯಿ, ಸೆಪ್ಟೆಂಬರ್ ಕೊನೆಗೆ ಸೊರಗುತ್ತದೆ. ಚಪ್ಪರದವರೆ ನಿಧಾನ. ಮೊದಲ ಎರಡು ತಿಂಗಳು ಅದು ಬೆಳೆದಂತೆಯೇ ಕಾಣುವುದಿಲ್ಲ. ಹಗಲು ಚಿಕ್ಕದಾಗತೊಡಗಿದ ಮೇಲೆ ಹೂ ಹಿಡಿದು, ದಸರೆ, ದೀಪಾವಳಿ ದಾಟಿ ಸಂಕ್ರಾಂತಿವರೆಗೂ ದಟ್ಟವಾಗಿರುತ್ತದೆ. ಬರೀ ಹೀರೆ ಹಾಕಿದವರಿಗೆ ದಸರಾ ರಜೆಯಲ್ಲಿ ಒಣ ಕಡ್ಡಿ ಉಳಿಯುತ್ತದೆ, ಬರೀ ಅವರೆ ಹಾಕಿದವರ ಮಕ್ಕಳು ಶ್ರಾವಣದವರೆಗೆ ಕಾದು ಆಸೆ ಬಿಡುತ್ತಾರೆ. ಎರಡೂ ಬೇಕು. ಬಾಗಿಲಿನ ಎರಡು ಗಳಗಳಿಗೆ ಶಂಖಪುಷ್ಪ, ಒಂದೊಂದಕ್ಕೆ ಎರಡೆರಡು ಗಿಡ. ಅದರ ಎಲೆ ಹಗುರ, ಬಾಗಿಲಿಗೆ ಅಡ್ಡ ಬರುವುದಿಲ್ಲ. ಬಾಗಿಲ ಪಕ್ಕದ ಗಳಗಳಲ್ಲಿ ಒಂದಕ್ಕೆ ಪಡವಲ, ಇನ್ನೊಂದಕ್ಕೆ ಹಾಗಲ. ಅವುಗಳ ಪಕ್ಕ ಒಂದೊಂದು ಹೀರೆ. ಹಿಂದಿನ, ಅಂದರೆ ಪಶ್ಚಿಮದ ಎರಡು ಗಳಗಳಿಗೆ ಅವರೆ. ಶಂಖಪುಷ್ಪ ಬಿಟ್ಟರೆ ಗಳಕ್ಕೊಂದೇ ಬಳ್ಳಿ. ಬೇಗ ಮುಚ್ಚಲೆಂದು ಮೂರು ನಾಲ್ಕು ಬಿಟ್ಟರೆ ಒಳಗೆ ಕತ್ತಲೆ, ತೇವ, ಸೊಳ್ಳೆ, ಎಲೆರೋಗ ಎಲ್ಲ ಒಟ್ಟಿಗೆ ಬರುತ್ತವೆ.

ಅವರೆ ಬೀಜ ಕೊಳ್ಳುವಾಗ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಅವರೆಯಲ್ಲಿ ಪೊದೆಯಾಗಿ ಬೆಳೆಯುವ ತಳಿಗಳೂ ಇವೆ. ಅರ್ಕಾ ಜಯ್, ಅರ್ಕಾ ವಿಜಯ್, ಹೆಬ್ಬಾಳ ಅವರೆ 4 ಎಲ್ಲ ಗಿಡ್ಡ ತಳಿಗಳು. ಹೊಲಕ್ಕೆ ಚೆನ್ನ, ನಿಮ್ಮ ಗಳಗಳನ್ನು ಮಾತ್ರ ಅವು ಮುಟ್ಟುವುದೂ ಇಲ್ಲ. ಹಳ್ಳಿಯ ಮನೆಗಳಲ್ಲಿ ಬೇಲಿಗೆ ಹಬ್ಬಿಸುವ ನಾಟಿ ಚಪ್ಪರದವರೆಯ ಬೀಜ ಯಾರಲ್ಲಾದರೂ ಕೇಳಿ ಪಡೆಯಿರಿ. ಹೀರೆಯಲ್ಲಿ ಅರ್ಕಾ ಸುಮೀತ್, ಹಾಗಲದಲ್ಲಿ ಅರ್ಕಾ ಹರಿತ್ ನಂಬಬಹುದಾದ ತಳಿಗಳು. ಬೀಜಕ್ಕೂ ಸಲಹೆಗೂ ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯ ಹತ್ತಿರ, ಗದಗದವರಿಗೆ ಹುಲಕೋಟಿಯ, ಹಾವೇರಿಯವರಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ. ಸೋರೆ, ಕುಂಬಳ ಈ ಗುಡಿಸಲಿಗೆ ಬೇಡ. ಮಕ್ಕಳ ತಲೆಯ ಮೇಲೆ ತೂಗುವುದು ಕಾಲು ಅರ್ಧ ಕಿಲೋ ದಾಟಬಾರದು. ಪಡವಲದಲ್ಲೂ ಗಿಡ್ಡ ಕಾಯಿಯ ತಳಿ ನೋಡಿ. ಕಾಯಿ ನೆಟ್ಟಗಾಗಲೆಂದು ತುದಿಗೆ ಕಲ್ಲು ಕಟ್ಟುವ ರೂಢಿಯನ್ನು ಇಲ್ಲಿ ಬಿಡಿ.

ಕೆಳಗಿನ ಭಾಗಕ್ಕೆ ಬಸಳೆ. ಬಳ್ಳಿಗಳೆಲ್ಲ ಬೆಳಕಿನತ್ತ ಓಡಿ ತುದಿಯಲ್ಲಿ ಗುಂಪಾಗುತ್ತವೆ, ಕೆಳಗಿನ ಎರಡು ಮೂರಡಿ ಬೋಳಾಗಿ ಉಳಿಯುತ್ತದೆ. ಇದಕ್ಕೆ ಎರಡು ಉಪಾಯ. ಹೀರೆ, ಅವರೆ ಎರಡಡಿ ಬೆಳೆದಾಗ ತುದಿ ಚಿವುಟಿ, ಹೊರಟ ಕವಲುಗಳನ್ನು ಅಡ್ಡ ಹುರಿಗೆ ಮಲಗಿಸಿ. ಈ ಚಿವುಟುವ ಕೆಲಸ ಮಾಡಲು ಮನಸ್ಸು ಬರುವುದಿಲ್ಲ, ಮಾಡದಿದ್ದರೆ ಗೋಡೆ ಆಗುವುದಿಲ್ಲ. ಎರಡನೆಯದು, ಪ್ರತಿ ಸಂದಿನ ಹೊರಗೆ ಗೇಣುದ್ದದ ಎರಡು ಬಸಳೆ ಕಡ್ಡಿ, ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ನೆಡಿ. ಅರೆನೆರಳಿನಲ್ಲೂ ಅದು ಬರುತ್ತದೆ. ಕಡುನೇರಳೆ ಹಣ್ಣಿನ ರಸದಲ್ಲಿ ಮಕ್ಕಳು ಚಿತ್ರ ಬರೆಯಬಹುದು, ಎಲೆ ಸಾರಿಗೆ ಆಗುತ್ತದೆ. ಆದರೆ ನೆಲದಿಂದ ಒಂದಡಿ ಸುತ್ತಲೂ ಯಾವ ಎಲೆಯೂ ಇರಕೂಡದು. ಕಾರಣ ಮುಂದೆ ಹೇಳುತ್ತೇವೆ.

ಚೌಕಟ್ಟಿನ ಕೆಲಸ ಏಪ್ರಿಲ್, ಮೇ ರಜೆಯಲ್ಲಿ ಮುಗಿಯಲಿ. ಆ ತಿಂಗಳುಗಳ ಗುಡುಗು ಗಾಳಿ ಮಳೆಯೇ ಅದರ ಪರೀಕ್ಷೆ. ಎಲೆಯಿಲ್ಲದಾಗ ಅಲುಗಾಡಿದ್ದು ಎಲೆ ತುಂಬಿದ ಮೇಲೆ ನಿಲ್ಲುವುದಿಲ್ಲ, ಆಗಲೇ ಬಿಗಿಮಾಡಿ. ಬಿತ್ತನೆ ರೋಹಿಣಿ ಮಳೆಗೆ, ಅಂದರೆ ಮೇ 25ರ ನಂತರ. ತಪ್ಪಿದರೆ ಜೂನ್ ಎರಡನೇ ವಾರದ ಮೃಗಶಿರಕ್ಕೆ. ಅವರೆಯನ್ನು ಆರೆಂಟು ತಾಸು, ಹೀರೆ, ಪಡವಲವನ್ನು ಒಂದು ರಾತ್ರಿ, ಹಾಗಲವನ್ನು ಒಂದು ದಿನ ನೆನೆಹಾಕಿ. ಹಾಗಲದ ಸಿಪ್ಪೆ ಗಟ್ಟಿ, ಮೊನೆಯನ್ನು ಉಗುರು ಕತ್ತರಿಯಿಂದ ಸ್ವಲ್ಪ ಸೀಳಿದರೆ ಮೊಳಕೆ ಸಲೀಸು. ಶಂಖಪುಷ್ಪದ ಬೀಜವನ್ನು ಮರಳು ಕಾಗದಕ್ಕೆ ಒಮ್ಮೆ ಉಜ್ಜಿ ರಾತ್ರಿ ನೆನೆಸಿ. 6 ವರ್ಷದ ಕೈಗೆ ಸರಿಯಾದ ಕೆಲಸ ಇದು: ಗುಂಡಿಗೆ ಮೂರು ಬೀಜ, ಬೆರಳಿನ ಒಂದು ಗೆಣ್ಣಿನಷ್ಟು ಆಳ. ವಾರದಲ್ಲಿ ಮೊಳೆಯುತ್ತವೆ, ಹಾಗಲ ಹತ್ತು ದಿನ ತೆಗೆದುಕೊಳ್ಳಬಹುದು. ನಾಲ್ಕು ಎಲೆ ಬಂದಾಗ ಗಟ್ಟಿಯಾದ ಒಂದನ್ನು ಉಳಿಸಿ, ಮಿಕ್ಕಿದ್ದನ್ನು ಕೀಳದೆ ಕತ್ತರಿಸಿ. ಕಿತ್ತರೆ ಉಳಿದದ್ದರ ಬೇರೂ ಅಲುಗುತ್ತದೆ.

ಮಳೆ ಹಿಡಿಯುವವರೆಗೆ ಗುಂಡಿಗೆ ದಿನಕ್ಕೆ ಎರಡು ಮೂರು ಲೀಟರ್ ನೀರು. ಮಳೆ ನಿಂತ ಮೇಲೆ ಅಕ್ಟೋಬರ್‌ನಿಂದ ದಿನ ಬಿಟ್ಟು ದಿನ ಐದು ಲೀಟರ್. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಓಣಿಗಳಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಕೂಡಿಸಿಟ್ಟು ಹಾಕಿ. ಎರಡು ಗುಂಡಿಗಳ ನಡುವೆ ಒಂದು ಸುಟ್ಟ, ಬಣ್ಣ ಬಳಿಯದ ಸಾದಾ ಮಣ್ಣಿನ ಗಡಿಗೆಯನ್ನು ಕೊರಳಮಟ್ಟ ಹೂತು ನೀರು ತುಂಬಿಟ್ಟರೆ ಅದು ಜಿನುಗಿ ಬೇರಿಗೆ ತಲುಪುತ್ತದೆ. ಬಾಯಿಗೆ ಮುಚ್ಚಳ ಬಿಗಿಯಾಗಿರಲಿ, ಸೊಳ್ಳೆ ಮೊಟ್ಟೆ ಇಡಬಾರದು.

ಕೀಟಗಳಲ್ಲಿ ಮೊದಲು ಬರುವುದು ಕೆಂಪು ದುಂಬಿ. ಹೀರೆಯ ಮೊದಲ ಎರಡು ಎಲೆಗಳನ್ನೇ ಜರಡಿ ಮಾಡುತ್ತದೆ. ಬೆಳಗಿನ ತಂಪಿನಲ್ಲಿ ಅದು ಮಂದವಾಗಿರುತ್ತದೆ, ಮಕ್ಕಳು ಹಿಡಿದು ಸೋಪಿನ ನೀರಿಗೆ ಹಾಕಬಹುದು. ಇಬ್ಬನಿ ಇರುವಾಗಲೇ ಎಲೆಗೆ ಒಲೆಯ ಬೂದಿ ಉದುರಿಸಿ. ಕಾಯಿ ಬಿಡುವಾಗ ಹಣ್ಣುನೊಣ: ಎಳೆಗಾಯಿ ಸೊಟ್ಟಗಾಗಿ ಹಳದಿಯಾಗಿ ಉದುರುತ್ತದೆ. ಉದುರಿದ್ದನ್ನು ಅಲ್ಲೇ ಬಿಡಬೇಡಿ, ಒಂದಡಿ ಆಳಕ್ಕೆ ಹೂಳಿ, ಎಳೆಗಾಯಿಗೆ ಕಾಗದದ ಚೀಲ ಕಟ್ಟಿ. ಚಳಿ ಶುರುವಾದಾಗ ಅವರೆಯ ತುದಿಗೆ ಕಪ್ಪು ಹೇನು ಮುತ್ತುತ್ತದೆ, ಆ ತುದಿಗಳನ್ನೇ ಚಿವುಟಿ ತೆಗೆಯಿರಿ. ತೀರಾ ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ, ಮರುದಿನ ಮಕ್ಕಳನ್ನು ಒಳಗೆ ಬಿಡಬೇಡಿ. ಅದಕ್ಕಿಂತ ಕಟುವಾದ ಯಾವ ಔಷಧಿಯೂ ಈ ಗುಡಿಸಲಿಗೆ ಸಲ್ಲದು. ಬಳ್ಳಿ ಹೋದರೆ ಹೋಗಲಿ. ಕಂಬಳಿಹುಳವನ್ನು ಕಡ್ಡಿಯಿಂದ ತೆಗೆಯಿರಿ. ಮೈಗೆ ತಾಗಿದರೆ ಉಜ್ಜದೆ, ಅಂಟುವ ಟೇಪನ್ನು ಒತ್ತಿ ಎತ್ತಿ ಕೂದಲು ತೆಗೆದು, ಆಮೇಲೆ ತೊಳೆಯಿರಿ.

ಹೀರೆ ಹೂ ಬಿರಿಯುವುದು ಸಂಜೆ, ಮಕ್ಕಳು ಶಾಲೆಯಿಂದ ಬಂದ ಮೇಲೆ. ಗೊಂಚಲಾಗಿ ಬರುವುದು ಗಂಡು ಹೂ. ಒಂಟಿಯಾಗಿ, ಹಿಂದೆ ಬೆರಳುದ್ದದ ಹೀರೆಕಾಯಿ ಹೊತ್ತು ಬರುವುದು ಹೆಣ್ಣು ಹೂ. ಮಳೆ ಜಡಿ ಹಿಡಿದ ದಿನಗಳಲ್ಲಿ ಹುಳಗಳು ಬಾರದೆ ಹೆಣ್ಣು ಹೂ ಹಾಗೇ ಉದುರುತ್ತದೆ. ಗಂಡು ಹೂವಿನ ಎಸಳು ಬಿಡಿಸಿ, ಅದರ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದರೆ ಕಾಯಿ ಕಚ್ಚುತ್ತದೆ. ಒಮ್ಮೆ ತೋರಿಸಿದರೆ 9 ವರ್ಷದವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ.

ಒಳಗಿನ ನೆಲಕ್ಕೆ ಹುಲ್ಲು, ಒಣಎಲೆ ಹಾಸಬೇಡಿ, ಚೇಳಿಗೆ ಅದೇ ಮನೆ. ಎರಡು ಮೂರು ಇಂಚು ಗರಸು ಹಾಕಿ, ನಡುವೆ ಸ್ವಲ್ಪ ಉಬ್ಬಾಗಿ ಬಡಿದು, ಮೇಲೆ ಸಗಣಿ ಸಾರಿಸಿ. ಎಲೆಯ ಮಾಡು ಬಿಸಿಲು ತಡೆಯುತ್ತದೆ, ಮಳೆ ತಡೆಯುವುದಿಲ್ಲ. ಒಳಗೂ ನೀರು ಬರುತ್ತದೆ, ಹರಿದು ಹೋಗಲು ದಾರಿ ಬೇಕು. ನೆಲದಿಂದ ಒಂದಡಿ ಎಲೆ ಇರಬಾರದು ಎಂದದ್ದು ಹಾವಿನ ಕಾರಣಕ್ಕೆ. ನಮ್ಮ ಸೀಮೆಯ ಹಿತ್ತಲುಗಳಲ್ಲಿ ನಾಗರಹಾವು, ಕೊಳಕುಮಂಡಲ ಎರಡೂ ಇವೆ. ಬುಡ ಬೋಳಾಗಿ ಬೆಳಕು ಹಾಯುತ್ತಿದ್ದರೆ ಅಡಗಲು ಜಾಗವಿಲ್ಲ, ಹೊರಗಿನಿಂದಲೇ ಕಾಣುತ್ತದೆ. ಒಳಗೆ ಹೋಗುವ ಮೊದಲು ಕೋಲಿನಿಂದ ಗಳ ಬಡಿಯುವುದು ಮಕ್ಕಳಿಗೆ ನಿಯಮವಾಗಲಿ. ತಿಂಡಿ ಚೆಲ್ಲಿದರೆ ಇಲಿ, ಇಲಿಯ ಹಿಂದೆ ಹಾವು, ತಿಂದದ್ದನ್ನು ಗುಡಿಸಬೇಕು. ಕತ್ತಲಾದ ಮೇಲೆ ಒಳಗೆ ಹೋಗುವುದಿಲ್ಲ. ಗುಡುಗು ಕೇಳಿದ ಕೂಡಲೇ ಮನೆಯೊಳಗೆ. ಹಾವು ಕಚ್ಚಿದ ಅನುಮಾನ ಬಂದರೂ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ, ಕಾಲು ಕೈ ಅಲುಗದಂತೆ ಎತ್ತಿಕೊಂಡು ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ವಿಷದ ಬಳ್ಳಿಗಳ ವಿಷಯ ಮುಚ್ಚುಮರೆಯಿಲ್ಲದೆ ಹೇಳಬೇಕು. ಗುಲಗಂಜಿ ಬೀಜ ನೋಡಲು ಚೆಂದ, ಅಗಿದರೆ ಪ್ರಾಣಾಪಾಯ. ಅಗ್ನಿಶಿಖೆಯ ಗೆಡ್ಡೆ ಸಹಿತ ಇಡೀ ಗಿಡ ವಿಷ. ಕಣಗಿಲೆ, ಅಲ್ಲಮಂಡ, ಹರಳು, ದತ್ತೂರಿ ಈ ಹಿತ್ತಲಲ್ಲಿ ಇರಕೂಡದು, ತಾನಾಗಿ ಹುಟ್ಟಿದರೂ ಕಿತ್ತುಹಾಕಿ. ಬೇಲಿಯಲ್ಲಿ ನಸುಗುನ್ನಿ ಇದ್ದರೆ ಅದನ್ನೂ. ನಾವು ಹೇಳಿದ ಬಳ್ಳಿಗಳಲ್ಲೂ ಮಿತಿ ಇದೆ: ಒಣ ಅವರೆಕಾಳನ್ನು ಹಸಿಯಾಗಿ ಅಗಿಯಬಾರದು, ಹಣ್ಣಾಗಿ ಒಡೆದ ಹಾಗಲದ ಕೆಂಪು ಬೀಜವನ್ನೂ ಶಂಖಪುಷ್ಪದ ಬೀಜವನ್ನೂ ಬಾಯಿಗೆ ಹಾಕಬಾರದು. ಹಾಗಲ ಹಣ್ಣಾಗುವ ಮೊದಲೇ ಕೊಯ್ದುಬಿಟ್ಟರೆ ಆ ಚಿಂತೆ ಇಲ್ಲ.

ಗಳವೇ ಬೇಡ, ಗಿಡಗಳನ್ನೇ ಗೋಡೆ ಮಾಡಬಹುದೇ ಎಂದು ಕೆಲವರು ಕೇಳುತ್ತಾರೆ. ಯುರೋಪಿನಲ್ಲಿ ವಿಲ್ಲೋ ಮರದ ಹಸಿ ಕೋಲುಗಳನ್ನು ನೆಟ್ಟು ಹೆಣೆಯುತ್ತಾರೆ, ಅವು ಅಲ್ಲೇ ಬೇರು ಬಿಡುತ್ತವೆ. ತಂಪು ಸೀಮೆಯ ಆ ಮರವನ್ನು ಇಲ್ಲಿಯ ಬೇಸಿಗೆಗೆ ನೆಚ್ಚಬೇಡಿ. ನಮ್ಮಲ್ಲಿ ಸವಣೂರಿನ ಕಡೆಯ ಎಲೆತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿ ಚೊಗಚಿ, ನುಗ್ಗೆಯಂಥ ಗಿಡಗಳನ್ನೇ ಬೆಳೆಸುತ್ತಾರೆ. ಅವು ಬೇಗ ಎದ್ದು ನಿಲ್ಲುತ್ತವೆ, ಆದರೆ ಮರ ಪೆಡಸು, ಬಾಗಿಸಿದರೆ ಲಟಕ್ಕನೆ ಮುರಿಯುತ್ತದೆ. ನುಗ್ಗೆಗೆ ಕಂಬಳಿಹುಳದ ಕಾಟ ಬೇರೆ. ತಾಳ್ಮೆ ಇದ್ದವರಿಗೆ ದಾಸವಾಳ ಒಳ್ಳೆಯದು: ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಅಡಿಗೊಂದರಂತೆ ವೃತ್ತದ ಮೇಲೆ ನೆಟ್ಟು, ಎಳೆ ಕೊಂಬೆಗಳನ್ನು ಪಕ್ಕದ್ದಕ್ಕೆ ಹೆಣೆಯುತ್ತ ಹೋದರೆ ಎರಡು ಮೂರು ವರ್ಷಕ್ಕೆ ಗೋಡೆಯಾಗುತ್ತದೆ. ಬಾಡಿಗೆ ಮನೆಯವರು ವೃತ್ತದ ಮೇಲೆ ಎರಡು ಸಾಲು ಪುಂಡಿ, ನಡುನಡುವೆ ಸೂರ್ಯಕಾಂತಿ ಹಾಕಿ ಎರಡೂವರೆ ಮೂರು ತಿಂಗಳ ಗೋಡೆ ಮಾಡಿಕೊಳ್ಳಬಹುದು, ಮಾಡು ಇರುವುದಿಲ್ಲ.

ಸಂಕ್ರಾಂತಿ ಕಳೆದು ಅವರೆ ಒಣಗಿದ ಮೇಲೆ, ಕೆಳಗಿನ ಬಲಿತ ಕಾಯಿಗಳಿಂದ ಬೀಜ ಎತ್ತಿಟ್ಟು, ಬೂದಿ ಬೆರೆಸಿ ಡಬ್ಬಿಗೆ ಹಾಕಿ. ಬಳ್ಳಿಗಳನ್ನು ಎಳೆಯದೆ ಬುಡದಲ್ಲಿ ಕತ್ತರಿಸಿ, ಒಣಗಿದ ಮೇಲೆ ಬಿಡಿಸಿ. ನಾರಿನ ಹುರಿಗಳನ್ನೆಲ್ಲ ತೆಗೆದುಹಾಕಿ, ಒಂದು ಮಳೆಗಾಲ ಕಂಡ ಹುರಿ ಇನ್ನೊಂದಕ್ಕೆ ಆಗುವುದಿಲ್ಲ. ಮೇಲಿನ ನೈಲಾನ್ ಕಟ್ಟನ್ನೂ ಬಿಸಿಲು ತಿಂದಿರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಪ್ರತಿ ಗಳವನ್ನು ಮಂಡಿಯೆತ್ತರದಲ್ಲಿ ಹಿಡಿದು ಬಲವಾಗಿ ಒತ್ತಿ ನೋಡಿ, ಕಿರ್ರೆಂದದ್ದನ್ನು ತೆಗೆದು ಹೊಸದು ಹಾಕಿ. ಮುಂದಿನ ರೋಹಿಣಿಗೆ ಹೀರೆಯ ಗುಂಡಿಗೆ ಅವರೆ, ಅವರೆಯ ಗುಂಡಿಗೆ ಹೀರೆ ಹಾಕಿ. ಅವರೆಯ ಬೇರಿನ ಗಂಟುಗಳು ಬಿಟ್ಟುಹೋದ ಸಾರಜನಕ ಹೀರೆಗೆ ಸಿಗುತ್ತದೆ, ಹೀರೆಯ ರೋಗವೂ ಅದೇ ಮಣ್ಣಿನಲ್ಲಿ ಬಲಿಯುವುದಿಲ್ಲ. ಬುಟ್ಟಿಯ ಮೂರನೇ ಒಂದು ಭಾಗದಷ್ಟು ಹೊಸ ಗೊಬ್ಬರವನ್ನು ಗುಂಡಿಗೆ ಮೇ ತಿಂಗಳಲ್ಲೇ ಬೆರೆಸಿಡಿ.